ಯಾರು ಮುಟ್ಟಿದ್ದು

ಹನ್ನೆರಡು ಗುಳಿಗಳ ತಟ್ಟೆ.
ಗುಳಿಗೊಂದು ತೊಗಲು,
ಹಳೆಯ ಎಂಟಾಣೆಯಷ್ಟು ಅಗಲ,
ಆರಿದ ಹಾಲಿನ ಕೆನೆಯಷ್ಟು ದಪ್ಪ.

ದಾನಿ ನಲವತ್ತೊಂದು. ಹೆಣ್ಣು, ಐವತ್ಮೂರು ವರ್ಷ, ಹೊಟ್ಟೆಯ ಭಾಗ.
ಹೆಸರು ಕೇಳುವ ಹಾಗಿಲ್ಲ.
ಶೆಫೀಲ್ಡಿನ ಯಾವುದೋ ಆಪರೇಷನ್ ಟೇಬಲ್ಲಿನಲ್ಲಿ
ಬೇಡವೆಂದು ಬಿಟ್ಟ ಒಂದು ಮಡಿಕೆ
ಐಸಿನ ಡಬ್ಬಿಯಲ್ಲಿ ಗುಡ್ಡ ಹತ್ತಿ ಬಂತು.
ನಮ್ಮ ತೊಗಲಿನ ಜೋಡು ಮಾಡಿ ಮೆಡಿಸಿದರೂ
ತೀರದ ಋಣ ಅನ್ನುತ್ತೇವೆ ನಾವು;
ಈಕೆ ಒಂದು ಫಾರಂಗೆ ಸಹಿ ಹಾಕಿ ಕೊಟ್ಟಳು.
ಇವತ್ತು ಟ್ರಾಮಿನಲ್ಲಿ ನನ್ನ ಎದುರೇ ಕೂತಿದ್ದಳೋ ಏನೋ,
ಕೋಟಿನ ಗುಂಡಿ ಸಲೀಸಾಗಿ ಹಾಕಿಕೊಂಡು.

ಮೊದಲು ಕೊಲಾಜೆನ್ ಹಾಸು, ಅದರೊಳಗೆ ಕೋಶಗಳ ಬಿತ್ತು.
ಮೇಲೆ ಇನ್ನೊಂದು ಜಾತಿಯ ಕೋಶ
(ಇಲ್ಲೂ ಮೇಲಿನವು, ಕೆಳಗಿನವು).
ಐದು ದಿನ ಗುಲಾಬಿ ಬಣ್ಣದ ನೀರಿನಲ್ಲಿ ಮುಳುಗಿಸಿಡು,
ಆರನೆಯ ದಿನ ಎತ್ತಿ ಗಾಳಿಗೆ ಒಡ್ಡು.
ಗಾಳಿ ತಾಗದೆ ತೊಗಲು ತೊಗಲಾಗುವುದಿಲ್ಲ.
ಒಣಗಬೇಕು, ಮೇಲಿನ ಪದರ ಸಾಯಬೇಕು,
ಸತ್ತದ್ದೇ ಕಾವಲು ನಿಲ್ಲಬೇಕು.

ಅಥಣಿಯ ನಮ್ಮಜ್ಜಿ ಬಾಳವ್ವ
ಪುಸ್ತಕವಿಲ್ಲದೆ ಇಂಥದ್ದೆಲ್ಲ ಬಲ್ಲವಳು.
ಸುಣ್ಣದ ತೊಟ್ಟಿ, ತಂಗಡಿ ತೊಗಟೆಯ ಒಗರು ನೀರು,
ಮೊಣಕೈವರೆಗೆ ಕಂದು.
ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳುತ್ತಿದ್ದಳು:
ಇನ್ನಾ ಹಸೀ ಐತಿ. ಇದಕ್ಕ ಕಾಲಿನ ಭಾರ ಗೊತ್ತಿಲ್ಲ.
ಆ ಹೆಬ್ಬೆರಳನ್ನೇ ತಂದಿದ್ದೇನೆ ಇಲ್ಲಿಗೆ,
ಎರಡೆರಡು ಕೈಗವಸಿನೊಳಗೆ.

ಈ ತೊಗಲಿಗೆ ಕೂದಲಿಲ್ಲ, ಬೆವರಿಲ್ಲ,
ಕಚಗುಳಿ ತಿಳಿಯದು,
ರಕ್ತವಿಲ್ಲ, ಹಾಗಾಗಿ ನಾಚುವುದೂ ಇಲ್ಲ.
ಗಾಯ ಮಾಡುವುದು ನನ್ನ ಕೆಲಸ.
ಚಾಕು ಕತ್ತರಿಗಳಿಗೆ ಹೆಸರಾದ ಊರಿನಲ್ಲಿ
ನಾಲ್ಕು ಮಿಲಿಮೀಟರಿನ ಒಂದು ಉಕ್ಕಿನ ಕೊಳವೆ.
ಒತ್ತು, ತಿರುಗಿಸು, ಎತ್ತು.
ನೋಯಲಿಲ್ಲ ತಾನೆ, ಎಂದು ಕೇಳಿಬಿಡುತ್ತೇನೆ ಒಮ್ಮೊಮ್ಮೆ,
ಕನ್ನಡದಲ್ಲಿ.

ಆಮೇಲೆ ಹನಿ. ಹನಿಯೊಂದರಲ್ಲಿ ಹತ್ತು ಲಕ್ಷ ಸ್ಯೂಡೋಮೊನಾಸ್.
ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ
ದ್ರಾಕ್ಷಿಯ ವಾಸನೆ,
ಗಾಯದ ಅಂಚಿಗೆ ನವಿಲಿನ ಕತ್ತಿನ ಹಸಿರು.
ಇಷ್ಟು ಚಂದ ಕೊಳೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.
ಸುಟ್ಟಗಾಯದ ವಾರ್ಡಿನಲ್ಲಿ ಇದೇ ಹಸಿರು
ಯಾರದೋ ಬ್ಯಾಂಡೇಜಿನ ಮೇಲೆ;
ಅಲ್ಲಿ ಯಾರೂ ಚಂದ ಅನ್ನುವುದಿಲ್ಲ.

ಸೋಮವಾರ. ಇನ್ನೊಂದು ತಟ್ಟೆ,
ಗಾಯ ಮಾಡದ್ದು, ಹನಿ ಹಾಕದ್ದು,
ಬರೀ ಹೋಲಿಕೆಗೆಂದು ಇಟ್ಟದ್ದು.
ಅದರ ಕೊನೆಯ ಗುಳಿಯಲ್ಲಿ
ಕಿಟಕಿಗೆ ಉಸಿರು ಬಿಟ್ಟಂಥ ಬಿಳಿ ಮಬ್ಬು.
ಡೆನಿಸ್ ಹ್ಯಾಟರ್ಸ್ಲಿ ಕನ್ನಡಕ ಹಣೆಗೇರಿಸಿ
ಸುಮ್ಮನೆ, ಸಹಜವಾಗಿ ಕೇಳಿದಳು:
ಯಾರು ಮುಟ್ಟಿದ್ದು ಇದನ್ನ?

ಅವಳದೇನೂ ತಪ್ಪಿಲ್ಲ.
ನನ್ನ ಕೈ ಮಾತ್ರ, ಗವಸಿನೊಳಗೇ,
ಬೆನ್ನ ಹಿಂದೆ ಹೋಯಿತು.
ಬಾವಿಯ ಹಗ್ಗದ ಹತ್ತಿರ, ಯಾರದೋ ಮದುವೆಯ
ನೀರಿನ ಹಂಡೆಯ ಹತ್ತಿರ
ಬಾಳವ್ವನ ಕೈ ಹೀಗೇ ಹಿಂದೆ ಹೋದದ್ದು ನೋಡಿದ್ದೇನೆ.
ಅವಳು ಹೊಲಿದ ಚಪ್ಪಲಿ
ಹೊಸ್ತಿಲವರೆಗಾದರೂ ಹೋಗಿಬರುತ್ತಿತ್ತು.

ಬುಧವಾರ ವರದಿ ಬಂತು.
ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್.
ಎಲ್ಲರ ಮೈಮೇಲೂ ಬಾಡಿಗೆಯಿಲ್ಲದೆ ಇರುವಂಥದ್ದು.
ನನ್ನದೋ, ಡೆನಿಸಳದೋ,
ರಾತ್ರಿ ಕಸ ಒಯ್ಯುವ ಸೊಮಾಲಿ ಹುಡುಗನದೋ,
ವರದಿಗೆ ಅದು ಬೇಕಿರಲಿಲ್ಲ.

ನಿಯಮದ ಪ್ರಕಾರ ಎಲ್ಲ ತಟ್ಟೆಗಳೂ ಆಟೊಕ್ಲೇವಿಗೆ.
ಐದು ವಾರದ ಕೆಲಸ.
ಡೆನಿಸ್ ಟೀ ಮಾಡಿಕೊಟ್ಟಳು,
ನನ್ನ ಮಗ್ ಸಿಗದೆ ತನ್ನದರಲ್ಲೇ.

ಅವಳು ಫೋನಿಗೆ ಹೋದಾಗ
ಒಂದು ಕೈಯ ಗವಸು ಕಳಚಿದೆ, ಎರಡೂ.
ಆ ಕೊನೆಯ ಗುಳಿಯ ತೊಗಲನ್ನು
ಹೆಬ್ಬೆರಳಿನಿಂದ ಒತ್ತಿದೆ.
ಇನ್ಕ್ಯುಬೇಟರಿನ ಬಿಸುಪು ಇನ್ನೂ ಇತ್ತು.
ಸ್ವಲ್ಪ ಅಂಟಿತು, ಬಿಟ್ಟಿತು.
ಇನ್ನಾ ಹಸೀ ಐತಿ.

ಸೋಪು ಹಾಕಿ ಎರಡು ಸಲ ಕೈ ತೊಳೆದೆ.
ಲಾಗ್‌ಬುಕ್ಕಿನಲ್ಲಿ ಇದನ್ನು ಬರೆಯಲಿಲ್ಲ.