ಎರಡು ಪೊರಕೆ

ಬಂದೆ ಮೇಷ್ಟ್ರೇ, ನಿಮ್ಮ ಪಟ್ಟಿ ಹಿಡಿದುಕೊಂಡೇ ಬಂದೆ.
ಪೊರಕೆ ಎರಡು, ಕಾಗದ ಒಂದು ರೀಮು,
ಸಕ್ಕರೆ ಎರಡು ಕಿಲೋ, ಜೋಳದ ಹಿಟ್ಟು ಐದು,
ಪಾಯಿಖಾನೆಯ ಕಾಗದದ ಸುರುಳಿ ಆರು.
ಓದಲು ಬರುವ ಹುಡುಗ ಇಷ್ಟೊಂದು ಒರೆಸಿಕೊಳ್ಳುತ್ತಾನೆಯೇ?
ನಗಬೇಡಿ. ಬೆಳಗಿನಿಂದ ಸಾಲಲ್ಲಿ ನಿಂತವಳಿಗೆ
ನಗಲು ಸಿಕ್ಕಿದ್ದು ಅದೊಂದೇ.

ನಾನು ನಂಗೋಬಿ, ಮಸೇಸೆ ದಡದವಳು.
ಜಿಂಜಾ ಪೇಟೆಯಲ್ಲಿ ಒಣಮೀನು ಮಾರುತ್ತೇನೆ,
ಡಬ್ಬಿ ಲೆಕ್ಕದಲ್ಲಿ.
ನನ್ನ ಇಸಾಬಿರ್ಯೆ ಒಂದು ಶುಕ್ರವಾರ
ಐದನೇ ಕ್ಲಾಸಿನಿಂದ ಓಡುತ್ತ ಬಂದ:
"ಒಂದು ತಿಂಗಳು ರಜೆ ಅಮ್ಮಾ!"
ಕುಣಿದ ನೋಡಿ, ಪೆಟ್ಟು ಕೊಡುವಷ್ಟು ಕುಣಿದ.

ರೇಡಿಯೋದಲ್ಲಿ ಪಾಠ ಅಂದಿರಿ. ಹಾಕಿದೆವು.
ಒಳಗಿದ್ದ ಮೇಷ್ಟ್ರು ಪ್ರಶ್ನೆ ಕೇಳುತ್ತಿದ್ದರು,
ಉತ್ತರಕ್ಕೆ ಕಾಯುತ್ತಿರಲಿಲ್ಲ.
ಇವನೋ, ಪೆದ್ದ, ಕೈಯೆತ್ತಿಕೊಂಡೇ ಕೂತಿರುತ್ತಿದ್ದ
ಗೋಡೆಗೆ ಒರಗಿಸಿಟ್ಟ ಪೆಟ್ಟಿಗೆಯ ಮುಂದೆ.
ಆರನೇ ವಾರ ಬ್ಯಾಟರಿ ಸತ್ತಿತು.
ಹೊಸ ಬ್ಯಾಟರಿಯ ಕಾಸಿಗೆ ಉಪ್ಪು ತಂದೆ.

ಅವನ ಅಪ್ಪ ಗಡಿ ಮುಚ್ಚಿದಾಗ ಕೆನ್ಯಾದಲ್ಲಿ ಉಳಿದ.
ಗಡಿ ತೆರೆದಾಗಲೂ
ಅಲ್ಲೇ ಉಳಿದ.

ಹುಡುಗನನ್ನು ದೋಣಿಗೆ ನಾನು ಕಳಿಸಲಿಲ್ಲ ಅಂತ
ನಾದಿನಿಯ ಮುಂದೆ ಆಣೆ ಹಾಕಿದ್ದೇನೆ.
ನಿಮ್ಮ ಮುಂದೆ ಯಾಕೆ ಸುಳ್ಳು? ಕಳಿಸಿದೆ.
ಚಂದ್ರನಿಲ್ಲದ ರಾತ್ರಿ, ದೀಪ ಕಟ್ಟಿದ ದೋಣಿ,
ಬೆಳಕೆಂದು ನಂಬಿ ಮೇಲೆದ್ದು ಬರುವ
ಬೆರಳುದ್ದದ ಬೆಳ್ಳಿಮೀನು.
ಮೊದಲ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ.
ಹತ್ತನೇ ರಾತ್ರಿ ಚೆನ್ನಾಗಿ ನಿದ್ದೆ ಬಂತು.
ಅದನ್ನೂ ಬರೆದುಕೊಳ್ಳಿ, ನಿಮ್ಮ ಪುಸ್ತಕದಲ್ಲಿ ಜಾಗವಿದ್ದರೆ.

ಈಗ ಗಂಟೆ ಬಾರಿಸಿ, ಬನ್ನಿ ಅಂದಿರಿ.
ಫೀಸು ಏರಿಸಿದಿರಿ, ರಿಪೇರಿಗೆ ಅಂದಿರಿ.
ಎರಡು ವರ್ಷ ಬಾವಲಿ ಓದಿದ ಕೋಣೆಗೆ
ಬಾಡಿಗೆ ನಾವು ಕಟ್ಟಬೇಕೇ?
ಚಡ್ಡಿ ಸೊಂಟಕ್ಕೇರುವುದಿಲ್ಲ, ಮೂಗಿನ ಕೆಳಗೆ ಮಸಿ ಮೂಡಿದೆ,
ಅವನಿಗೆ ನೀವು ಆರನೇ ಕ್ಲಾಸು ಅನ್ನುತ್ತೀರಿ.
ದೋಣಿಯಲ್ಲಿ ಅವನಿಗೆ ಅರ್ಧ ಪಾಲು ಕೊಡುತ್ತಾರೆ ಮೇಷ್ಟ್ರೇ,
ಗಂಡಸಿನ ಪಾಲಿನ ಅರ್ಧ.

ಇರಲಿ. ನಿಮ್ಮನ್ನೂ ನೋಡಿದ್ದೇನೆ,
ಬಸ್ ನಿಲ್ದಾಣದ ಪಕ್ಕ ಚಪಾತಿ ಲಟ್ಟಿಸುವಾಗ.
ಮುಂಗೈ ತನಕ ಹಿಟ್ಟು, ಅಂಗಿಯ ಜೇಬಿನಲ್ಲಿ ಇನ್ನೂ ಆ ಕೆಂಪು ಪೆನ್ನು.
ನೀವು ಮುಖ ತಿರುಗಿಸಿದಿರಿ. ನಾನೂ ತಿರುಗಿಸಿದೆ.
ಒಂದು ಚಪಾತಿ ಕೊಳ್ಳಬಹುದಿತ್ತು.

ತಗೊಳ್ಳಿ, ಎಣಿಸಿಕೊಳ್ಳಿ.
ನೋಟು ಮೀನು ನಾರುತ್ತದೆ, ಮೂಗು ಮುರಿಯಬೇಡಿ.
ಅದು ನನ್ನದಲ್ಲ, ಅವನದು.
ನಿನ್ನೆ ರಾತ್ರಿ ಚಾಪೆಯಡಿಯಿಂದ ತೆಗೆದು
ಒಂದು ಮಾತೂ ಆಡದೆ ನನ್ನ ಮಡಿಲಿಗೆ ಹಾಕಿದ.
ತನ್ನ ಫೀಸು ತಾನೇ ಕಟ್ಟುವವನಿಗೆ
"ನಡಿಯೋ ಶಾಲೆಗೆ" ಅಂತ
ಯಾವ ಬಾಯಲ್ಲಿ ಗದರಲಿ, ನೀವೇ ಹೇಳಿ.
ಬೈಗುಳವೆಲ್ಲ ಎರಡು ವರ್ಷದಿಂದ ಕೂಡಿಟ್ಟಿದ್ದೆ.
ಒಂದೂ ಅವನ ಅಳತೆಗೆ ಆಗುತ್ತಿಲ್ಲ, ಆ ಚಡ್ಡಿಯ ಹಾಗೇ.

ಅಗೋ, ಮಾವಿನ ಮರದ ಹತ್ತಿರ ನಿಂತಿದ್ದಾನೆ,
ಬೆನ್ನು ನಿಮಗೆ, ಮುಖ ಕೆರೆಗೆ.
ಬಂದಾನು. ಬಂದರೆ
ಹಿಂದಿನ ಬೆಂಚು ಕೊಡಿ, ಕಾಲು ಉದ್ದ.
ತೂಕಡಿಸಿದರೆ ಬೆತ್ತ ತೆಗೆಯಬೇಡಿ,
ಅವನ ದೇಹಕ್ಕಿನ್ನೂ ಹಗಲೇ ರಾತ್ರಿ.
ಅಪ್ಪಿತಪ್ಪಿ ಕೈಯೆತ್ತಿದರೆ
ಸ್ವಲ್ಪ ಕಾಯಿರಿ.

ಪೊರಕೆ ಅವನೇ ಕಟ್ಟಿದ್ದು, ಬಲೆಯ ದಾರದಲ್ಲಿ,
ಬಲೆಯ ಗಂಟು ಹಾಕಿ. ಬಿಚ್ಚಿ ನೋಡಿ, ಬಿಚ್ಚುವುದಿಲ್ಲ.
ಎಲ್ಲಿಡಲಿ?