ಮುಕ್ಕು

ಮೊದಲು ಕಣ್ಣನ್ನು ನಂಬಬಾರದು.
ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು,
ತೋರುಬೆರಳಿನ ಉಗುರನ್ನು ಮೆಲ್ಲಗೆ ಎಳೆಯಬೇಕು,
ಮಲಗಿದ ಬೆಕ್ಕಿನ ಬೆನ್ನು ಸವರಿದ ಹಾಗೆ.
ಉಗುರು ಜಾರಿದರೆ ಕಲೆ.
ತಡೆದರೆ ಗಾಯ.
ಎರಡಕ್ಕೂ ಮದ್ದು ಬೇರೆ, ದರವೂ ಬೇರೆ.

ಆಬರ್ಡೀನಿನ ಈ ಬೀದಿಯ ಮನೆಗಳೆಲ್ಲ ಕಲ್ಲಿನವು.
ಮಳೆ ನಿಂತ ಗಳಿಗೆ
ಮೀನಿನ ಹೊಟ್ಟೆಯಂತೆ ಮಿಂಚಿ ಮತ್ತೆ ಬೂದಿಯಾಗುತ್ತವೆ.
ಹನ್ನೊಂದನೇ ನಂಬರಿನ ಲೀಪರ್ ಅಜ್ಜ
ಬಾಗಿಲಲ್ಲೇ ಶುರು ಮಾಡಿದ:
"ನಮ್ಮ ತಾತ ಇಲ್ಲೇ ಕಲ್ಲು ಕಡಿದವನು.
ಈ ಅಡುಗೆಕಟ್ಟೆಯೂ ಇದೇ ಊರಿನ ಕಲ್ಲು.
ಬೇರೆ ಕಲ್ಲಿನ ಮೇಲೆ ನಾನು ಬ್ರೆಡ್ಡು ಕೊಯ್ಯುವವನಲ್ಲ."

ಒಲೆಯ ಪಕ್ಕದ ಎಣ್ಣೆಕಲೆಗೆ ನಿನ್ನೆಯೇ
ಅಡುಗೆ ಸೋಡಾ ದೋಸೆಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ,
ಪ್ಲಾಸ್ಟಿಕ್ಕು ಹೊದಿಸಿ ಟೇಪು ಬಿಗಿದು ಹೋಗಿದ್ದೆ.
ರಾತ್ರಿಯಿಡೀ ಹೀರಿ, ಇವತ್ತು
ಹಪ್ಪಳದ ಹಾಗೆ ಎದ್ದು ಬಂತು.
"ಡಾಕ್ಟರು ಬಿಡಿಸುವ ತನಕ ಕರಿದ ಮೀನಿನದು," ಅಂದ ಅಜ್ಜ,
ಎಣ್ಣೆಗಿಂತ ಡಾಕ್ಟರ ಮೇಲೆಯೇ ಸಿಟ್ಟು.

ಉಳಿದದ್ದು ಸಿಂಕಿನ ಅಂಚು.
ಕಡಲೆಕಾಳಿನಷ್ಟು ಹಾರಿದೆ.
"ಆರ್ಚಿ. ನನ್ನ ಹೆಂಡತಿಯ ತಮ್ಮ.
ಹೊಸ ವರ್ಷದ ರಾತ್ರಿ ಕಬ್ಬಿಣದ ಬಾಣಲೆ ಕೆಡವಿದ.
ನಾಲ್ಕು ವರ್ಷವಾಯಿತು, ಮಾತಿಲ್ಲ."

ದಾವಣಗೆರೆಯಲ್ಲಿ ಆರು ವರ್ಷ
ಡಾಕ್ಟರ ಪಕ್ಕ ನಿಂತು ಹಲ್ಲು ತುಂಬಲು ಕೈ ಕೊಟ್ಟವಳು ನಾನು.
ಹಲ್ಲಿನ ವಿದ್ಯೆಯೇ ಕಲ್ಲಿಗೂ ಬಂತು,
ಒಂದಕ್ಷರ ಬದಲು, ಅಷ್ಟೇ.
ತೊಳೆ, ಒಣಗಿಸು, ಬಣ್ಣ ಹೊಂದಿಸು, ತುಂಬು,
ನೀಲಿ ದೀಪ ಹಿಡಿ, ತೀಡು.
ಕಲ್ಲಿಗೆ ಜೊಲ್ಲಿಲ್ಲ, ಅದೊಂದು ಸುಖ.
ಆದರೂ ನೋಯುತ್ತಿದೆಯಾ ಎಂದು
ಬಾಯಿ ತುದಿಗೆ ಬಂದುಬಿಡುತ್ತದೆ.

ಬೂದು ಎಂಬುದು ಒಂದು ಬಣ್ಣವಲ್ಲ.
ಗಾಜಿನ ಚೂರಿನ ಮೇಲೆ ಬಿಳಿ, ಕಪ್ಪು,
ಸೂಜಿಮೊನೆಯಷ್ಟು ಹಸಿರು,
ಎಷ್ಟು ಕಲಸಿದರೂ ಬಿಳುಚಿಕೊಂಡೇ ಕೂತಿತು.
ಅದೇ ಕಲ್ಲಿನ ಪುಡಿ ಬೇಕು, ಕಾಣದ ಕಡೆಯಿಂದ ಕೆರೆದದ್ದು.
ಬ್ಲೀಚಿನ ಬಾಟಲಿಗಳನ್ನು ಸರಿಸಿ
ಸಿಂಕಿನ ಕೆಳಗೆ ಅಂಗಾತ ಮಲಗಿ ಟಾರ್ಚು ಹಾಕಿದೆ.

ಪಾಲಿಶು ಕಾಣದ ಹೊಟ್ಟೆಯ ಮೇಲೆ
ಕೆಂಪು ಬಣ್ಣದಲ್ಲಿ, ಅವಸರದ ಕುಂಚದಲ್ಲಿ
೬. ಅಥವಾ ೯.
(ಶಾಲೆಯಲ್ಲೂ ನನಗೆ ಇವೆರಡೂ ಕಲಸಿಹೋಗುತ್ತಿದ್ದವು.)
ಅದರ ಕೆಳಗೆ ಒಂದು ಬಾಣ,
ನೇರ ಆ ಅಂಚಿನ ಕಡೆಗೆ.
ಬಾಣದ ಬಾಲದಲ್ಲಿ ದುಂಡಗೆ
ಮುಕ್ಕು.
ಯಾವ ಗುಡ್ಡದ್ದೆಂದು ಬರೆದಿರಲಿಲ್ಲ.

ಎದ್ದು ಗಾಯದೊಳಗೆ ಮತ್ತೆ ನೋಡಿದೆ.
ತಳದಲ್ಲಿ ಹಳದಿ ತಿರುಗಿದ ಹಳೆಯ ಅಂಟು.
ಯಾರೋ ನನಗಿಂತ ಮೊದಲೇ ತುಂಬಿದ್ದರು,
ಒಪ್ಪವಾಗಿ ತುಂಬಿದ್ದರು, ಒಬ್ಬರಿಗೂ ಗೊತ್ತಾಗದಂತೆ.
ಬಾಣಲೆ ಬೀಳಿಸಿದ್ದು ಅದನ್ನು ಮಾತ್ರ.

ಈಗ ನನ್ನ ಕೈಯಲ್ಲಿ ತಕ್ಕಡಿ.
ಹೇಳಿದರೆ ತಾತನ ಕಲ್ಲು ಹೋಗುತ್ತದೆ.
ಹೇಳದಿದ್ದರೆ ಆರ್ಚಿ.
ಪುಡಿಯನ್ನು ಅಂಟಿಗೆ ಬೆರೆಸುತ್ತ ಬೆರೆಸುತ್ತ,
ಗಟ್ಟಿಯಾಗುವ ಮೊದಲು ಬಾಯಿಬಿಡಬೇಕೆಂದು,
"ಈ ಮುಕ್ಕು ಹಳೆಯದು," ಅಂದೆ,
"ಬಾಣಲೆಗಿಂತ ಹಳೆಯದು. ಕೆಳಗೆ ಬರೆದಿದೆ."
"ಯಾವ ಭಾಷೆಯಲ್ಲಿ?"
"ನನ್ನದರಲ್ಲಿ."

ಅಜ್ಜ ಮಂಡಿಯೂರಿದ. ಮಂಡಿ ಎರಡೂ ಸದ್ದು ಮಾಡಿದವು.
ಟಾರ್ಚಿನ ಬೆಳಕು ಬಹಳ ಹೊತ್ತು ಒಳಗೇ ಇತ್ತು.
ಹೊರಬಂದವನು ಕೈ ಒರೆಸಿಕೊಂಡು ಹೇಳಿದ:
"ಹಾಗಾದರೆ ನಿಮ್ಮೂರಿನವನು ಯಾರೋ
ಇಲ್ಲಿಗೆ ಬಂದು ಬರೆದಿರಬೇಕು."
"ಇರಬಹುದು," ಅಂದೆ. "ನಾನೂ ಬಂದಿದ್ದೇನಲ್ಲ."

ನೀಲಿ ದೀಪ. ಬ್ಲೇಡು. ನಾಲ್ಕು ಬಗೆಯ ಉಪ್ಪುಕಾಗದ.
ನಾಳೆಯ ತನಕ ನೀರು ತಾಗಿಸಬೇಡಿ ಎಂದೆ.
ಅಜ್ಜ ಉಗುರು ಎಳೆದು ನೋಡಿದ. ಜಾರಿತು.
ಮತ್ತೊಮ್ಮೆ ಎಳೆದ.
ದುಡ್ಡೆಣಿಸುವಾಗ ತಪ್ಪಿ, ಮೊದಲಿನಿಂದ ಎಣಿಸಿದ.
ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ
ಒಳಗೆ ಯಾರಿಗೋ ಫೋನಿನಲ್ಲಿ
ಒರಟಾಗಿ ಕೇಳುತ್ತಿದ್ದ,
ಆ ದರಿದ್ರ ಬಾಣಲೆ
ಇನ್ನೂ ನಿನ್ನ ಹತ್ತಿರವೇ ಇದೆಯೇನೋ?