ಷರಾ ಕಲಮು

ಬೀದರಿನ ತಹಸೀಲ ಕಚೇರಿ, ಹಿಂದಿನ ಕೋಣೆ.
ನಿಜಾಮರ ಕಾಲದ ಕಟ್ಟುಗಳು ಬಿಚ್ಚಿಕೊಂಡು
ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗುತ್ತವೆ.
ಫರ್ಹತ್ ಉರ್ದು ಓದಿ ಹೇಳುತ್ತಾಳೆ,
ನಾನು ಕನ್ನಡದಲ್ಲಿ ಬಡಿಯುತ್ತೇನೆ:
ಸರ್ವೆ ನಂಬರು, ಆಕಾರ, ಬಾವಿ, ನೀರು, ಷರಾ.
ದಿನಕ್ಕೆ ಮುನ್ನೂರು ಹಾಳೆ.
ಬಡಿಯುವುದು ಬೆರಳು ಮಾತ್ರ.
ರೆಪ್ಪೆ ಅಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣೊಳಗೆ
ಜೋಳದ ರಾಶಿಯ ಸುಂಕು ಬಿದ್ದಂತೆ.
ಆಮೇಲೆ, ಅದೇ ತಮಾಷೆ, ನೀರು.
ಕೆನ್ನೆಯ ಮೇಲೆ ಧಾರೆ.
ಜವಾನ ಮಾರುತೆಪ್ಪ ಬಾಗಿಲಲ್ಲೇ ನಿಂತು
"ಯಾಕವ್ವ, ಮನ್ಯಾಗ ಏನರೆ ಆಗ್ಯಾದೇನು?" ಎಂದ.
ಫರ್ಹತ್ ಕರ್ಚೀಫು ಕೊಟ್ಟಳು,
ನನ್ನ ಗಂಡನನ್ನು ಸಣ್ಣ ದನಿಯಲ್ಲಿ ಬೈದಳು.
ಪಾಪ, ಅವನೇನೂ ಮಾಡಿರಲಿಲ್ಲ.

ಒಬ್ಬರು ಜೇನು ಅಂದರು, ಒಬ್ಬರು ಗುಲಾಬ್ ಜಲ.
ಶಿರಸ್ತೇದಾರರು ಡ್ರಾದಿಂದ ಬಾಟಲಿ ತೆಗೆದರು:
"ಕೆಂಪು ಎರಡೇ ನಿಮಿಷದಾಗ ಹೋಗ್ತದ."
ಹೋಯಿತು.
ಸಂಜೆಗೆ ತನ್ನ ಬಳಗವನ್ನೂ ಕರೆದುಕೊಂಡು ಬಂತು.

ಡಾಕ್ಟರ್ ಚಂದ್ರಕಲಾ ಬಿರಾದಾರ
ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ ಸುಮ್ಮನೆ ಕೂರಿಸಿದರು.
ಊರ ಹೊಲವನ್ನೆಲ್ಲ ಅಳೆದು ಬರೆಯುವವಳ ಕಣ್ಣನ್ನು
ಯಾರೂ ಹೀಗೆ ಅಳೆದಿರಲಿಲ್ಲ.
ಪಟ್ಟಿ ತೆಗೆದು, ಬೆಳಕಿಗೆ ಹಿಡಿದು, ಚೀಟಿ ನೋಡಿ,
"ಝರೆಮ್ಮ. ಹೆಸರಿನ್ಯಾಗ ಝರಾ ಅದ,
ಕಣ್ಣಾಗ ನಾಕು ಮಿಲಿಮೀಟರ್."

"ಮತ್ತ ಆ ಧಾರಿ?"

"ಅದು ಹುಯ್ಲು. ಬೆಂಕಿ ಬಿದ್ದಾಗ ಹೊಡಿಯೋ ಗಂಟಿ.
ಎಣ್ಣಿ ಇಲ್ಲದ ನೀರು ನಿಲ್ಲಂಗಿಲ್ಲ, ಜಾರಿ ಹೋಗ್ತದ.
ರೆಪ್ಪಿ ಅಂಚಿನಾಗ ಸಾಲಾಗಿ ಸಣ್ಣ ಬಾಯಿ ಅವ,
ಪೂರ್ತಿ ಮುಚ್ಚಿದಾಗೊಮ್ಮೆ ಇಷ್ಟಿಷ್ಟು ಎಣ್ಣಿ ಬಿಡ್ತಾವ.
ನೀ ಮುಚ್ಚೇ ಇಲ್ಲ.
ಅವು ಕಟ್ಕೊಂಡಾವ."

ಸಾಲಾಗಿ ಸಣ್ಣ ಬಾಯಿ.
ಥಟ್ಟನೆ ನೌಬಾದಿನ ಸುರಂಗ ಬಾವಿ.
ಅಷ್ಟಷ್ಟು ದೂರಕ್ಕೆ ನೆಲದಲ್ಲೊಂದು ಕಂಡಿ,
ಒಳಗೆ ಕತ್ತಲು, ಕತ್ತಲಲ್ಲಿ ದಾರಿ ಬಲ್ಲ ನೀರು.
ಹೂಳು ತೆಗೆಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು
ನಮ್ಮ ಕಾಕಾ ಇಳಿದಿದ್ದ.
ಎದೆಮಟ್ಟ ರಾಡಿಯಾಗಿ ಮೇಲೆ ಬಂದು
ಬೀಡಿ ಕೇಳುವ ಮೊದಲು ಹೇಳಿದ್ದು ಒಂದೇ ಮಾತು:
"ನೀರು ಎಲ್ಲಿಗೂ ಹೋಗಿದ್ದಿಲ್ಲ."

ಈಗ ರಾತ್ರಿ, ಮಕ್ಕಳು ಮಲಗಿದ ಮೇಲೆ,
ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ,
ಕೂಸಿಗೆ ಎರೆಯುವ ಮುನ್ನ ನೋಡುವಂತೆ
ಮುಂಗೈಗೆ ತಾಗಿಸಿ ನೋಡಿ,
ಮುಚ್ಚಿದ ಕಣ್ಣ ಮೇಲೆ ಹಾಕಿಕೊಳ್ಳುತ್ತೇನೆ.
ಆರಿದರೆ ಮತ್ತೆ ಅದ್ದಿ. ಹತ್ತು ನಿಮಿಷ.
ಆಮೇಲೆ ಬೆರಳ ತುದಿಯಿಂದ ಹಗೂರ ನೇವರಿಕೆ,
ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ.
ಏನೂ ಕಾಣದೆ ಹತ್ತು ನಿಮಿಷ ಕೂತು
ಎಷ್ಟು ವರ್ಷವಾಗಿತ್ತೋ.

ಕಚೇರಿಯಲ್ಲಿ ಫ್ಯಾನಿಗೆ ಬೆನ್ನು ಕೊಟ್ಟೆ.
ಕಂಪ್ಯೂಟರಿನ ಕೆಳಗೆ ಪೇರಿಸಿದ್ದ ದಫ್ತರ ತೆಗೆಸಿದೆ;
ಪರದೆ ತಗ್ಗಿತು, ಅದರ ಜೊತೆ ರೆಪ್ಪೆಯೂ.
ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ:
ಬೇವಿನ ಮರ, ಅದರಾಚೆ ಕೋಟೆಯ ಬುರುಜು,
ಬುರುಜಿನ ಮೇಲೆ ಒಂದು ಹದ್ದು.
ಹದ್ದನ್ನೂ ಎವೆಯಿಕ್ಕದೆ ನೋಡಬಾರದು.

ದೇವರು ರೆಪ್ಪಿ ಬಡಿಯಂಗಿಲ್ಲ ಅನ್ನುತ್ತಿದ್ದಳು ಅವ್ವ.
ದೇವರಿಗೆ ಮುನ್ನೂರು ಹಾಳೆ ಇಲ್ಲ.

ಹಾಳೆ ಮುಗಿದಾಗೊಮ್ಮೆ ಪೂರ್ತಿ ಮುಚ್ಚಿ,
ಒಂದು ಎಣಿಸಿ, ತೆರೆಯಬೇಕು.
ಮೊದಮೊದಲು ಮಾರುತೆಪ್ಪ ಸನ್ನೆಯೆಂದು ತಿಳಿದು
ಚಹಾ ತಂದಿಟ್ಟ. ಎರಡು ಸಲ.
ಬೇಡ ಅನ್ನಲಿಲ್ಲ.

ಪೂರ್ತಿ ನೆಟ್ಟಗಾಗಿದೆ ಅಂತಲ್ಲ.
ಡಿಸೆಂಬರಿನ ಒಣಗಾಳಿಗೆ ಸುಂಕು ಮತ್ತೆ ಏಳುತ್ತದೆ,
ಡಾಕ್ಟರ್ ಬರೆದ ಹನಿಬಾಟಲಿ
ಮನೆಯ ಕೀಲಿಯ ಜೊತೆ ಪರ್ಸಿನಲ್ಲಿದೆ.

ನಿನ್ನೆ ಒಂದು ಹಾಳೆ ಬಂತು, ಅಂಚು ಗೆದ್ದಲು ತಿಂದದ್ದು.
ನೌಬಾದು. ಬಾವಿ: ಒಂದು. ನೀರು: ಇಲ್ಲ.
ಷರಾ ಕಲಮು ಖಾಲಿ.
ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
ಇದ್ದದ್ದನ್ನು ಇದ್ದಂತೆ ಬಡಿಯಬೇಕು, ಅದು ನಿಯಮ.
ಬಡಿದೆ.
ಕಣ್ಣು ಮುಚ್ಚಿದೆ. ಒಂದು.
ತೆರೆದೆ.

"ಮುಂದಿಂದು ಓದಲೇನು?" ಎಂದಳು ಫರ್ಹತ್.